ಕೊನೆಯ ರೀಲಿನ ಕೂಗು

ಸಿನಿಮಾ ಮುಗಿದು ದೀಪ ಹತ್ತಿದಾಗ ನೀವಿಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದಿರಿ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದೆ.

"ಅಜ್ಜಿ, ಕೂಗಿದ್ದು ನೀನಾ? ತಾತನ ಹೆಸರನ್ನಾ?" ಎಂದು ಚಿಕ್ಕವಳು ಇಡೀ ಸಭಾಂಗಣಕ್ಕೆ ಕೇಳುವಂತೆ ಕೇಳಿದಳು. ಹಿಂದಿನ ಸಾಲಿನವರು ನಕ್ಕರು. ನಾನು ಉತ್ತರ ಕೊಡದೆ, ಕಾಲಿನಲ್ಲೇ ಇದ್ದ ಚಪ್ಪಲಿಯನ್ನು ಹುಡುಕುವವಳಂತೆ ಬಗ್ಗಿದೆ.

ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಎದುರಿಗೆ ಕುಳಿತು ಹೇಳುವುದು ನನ್ನಿಂದ ಆಗದ ಕೆಲಸ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಾತನ ಹೆಸರು ಬೇರೆಯವರ ಬಾಯಲ್ಲಿ ಬಂದ ಕಡೆ ಬರೆಯುತ್ತೇನೆ. ನನ್ನ ಮಾತಾಗಿ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಗೊತ್ತಾಗುತ್ತದೆ.

ದಟ್ಟಗಳ್ಳಿಯ ಆ ಸ್ಟುಡಿಯೋಗೆ ನಾನು ಹೋದದ್ದು ಅಡುಗೆಗೆ. ಮೇಲೆ ಮನೆ, ಕೆಳಗೆ ನೆಲಮಾಳಿಗೆಯಲ್ಲಿ ಧ್ವನಿ ಹಿಡಿಯುವ ಕೋಣೆ. ಕೆಲಸ ಮಾಡುವವರಿಗೆ ಮಧ್ಯಾಹ್ನದ ಊಟ, ಎರಡು ಹೊತ್ತು ಟೀ ಮಾಡಿಕೊಟ್ಟು ಸಂಜೆಯೊಳಗೆ ಕುಂಬಾರಕೊಪ್ಪಲಿನ ಮನೆಗೆ ಮರಳುತ್ತಿದ್ದೆ. ಕೆಳಗಿನ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ನಾನು ಇಣುಕಿಯೂ ನೋಡಿದವಳಲ್ಲ. ಟೀ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟಿ, ಯಾರಾದರೂ ತೆರೆಯುವ ಮೊದಲೇ ಹತ್ತಿ ಬಂದುಬಿಡುತ್ತಿದ್ದೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅಲ್ಲಿಗೆ ಒಬ್ಬ ವಯಸ್ಸಾದ ಅಮ್ಮ ಬರತೊಡಗಿದರು. ಕೈಯಲ್ಲಿ ಊರುಗೋಲು, ಕಿವಿಯಲ್ಲಿ ಯಂತ್ರ, ಹೆಗಲಿಗೊಂದು ಬಟ್ಟೆ ಚೀಲ. ಹೆಂಗಸು ಸಿನಿಮಾ ತೆಗೆಯುತ್ತಾಳೆಂದರೆ ಯಾರೂ ನಂಬದಿದ್ದ ಕಾಲದಲ್ಲಿ ಸಿನಿಮಾ ತೆಗೆದವರು ಅವರು. ಶೂಟಿಂಗ್ ನೋಡಲು ಬಂದ ಗಂಡಸರು ಟೀ ಕುಡಿದ ಲೋಟವನ್ನು ಅವರ ಕೈಗೇ ಕೊಟ್ಟು "ಡೈರೆಕ್ಟರ್ ಎಲ್ಲವ್ರಮ್ಮ?" ಎಂದು ಕೇಳುತ್ತಿದ್ದರಂತೆ. ಅವರು ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟು "ಸ್ಟಾರ್ಟ್" ಎನ್ನುತ್ತಿದ್ದರಂತೆ. ಇದನ್ನು ಅವರೇ ನನಗೆ ಅಡುಗೆಮನೆಯಲ್ಲಿ ಹೇಳಿ ನಕ್ಕಿದ್ದರು.

ಅವರ ಮೊದಲ ಮೂರು ಸಿನಿಮಾಗಳನ್ನು ಸರಿಮಾಡಿ ಮತ್ತೆ ತೋರಿಸಬೇಕೆಂದು ಕೆಲಸ ನಡೆದಿತ್ತು. ಮೂರೂ ಕಪ್ಪು ಬಿಳುಪು, ಮೂರೂ ಹೆಂಗಸರ ಕಥೆ. ಒಂದರಲ್ಲಿ ಸೂಲಗಿತ್ತಿ, ಇನ್ನೊಂದರಲ್ಲಿ ಹಳ್ಳಿಯ ಶಾಲೆಗೆ ವರ್ಗವಾಗಿ ಬಂದ ಮೇಡಂ. ಮೂರನೆಯದರಲ್ಲಿ ಗಂಡ ಅದೇ ಊರಿನ ಇನ್ನೊಬ್ಬಳ ಮನೆಗೆ ಹೋಗಿ ಸೇರಿಕೊಂಡ ಹೆಂಗಸು. ಹೊಡೆದಾಟವಿಲ್ಲ, ತೋಟದಲ್ಲಿ ಕುಣಿತವಿಲ್ಲ. ಹೆಂಗಸರು ನೀರು ಸೇದುತ್ತಾರೆ, ಜಗಳವಾಡುತ್ತಾರೆ, ಊಟಕ್ಕೆ ಕುಳಿತಾಗ ಯಾರೋ ಕರೆದರೆಂದು ಎದ್ದು ಹೋಗುತ್ತಾರೆ. ಸಿನಿಮಾದಲ್ಲಿ ಇದನ್ನೂ ತೋರಿಸುತ್ತಾರೆಯೇ ಎಂದು ನನಗೆ ಆಶ್ಚರ್ಯವಾಗಿತ್ತು.

ತೊಂದರೆ ಇದ್ದದ್ದು ಆ ಮೂರನೆಯ ಸಿನಿಮಾದಲ್ಲಿ. ಹಳೆಯ ರೀಲಿನಲ್ಲಿ ಚಿತ್ರದ ಪಕ್ಕದಲ್ಲೇ ಸಣ್ಣ ಗೆರೆಯಾಗಿ ಧ್ವನಿ ಅಚ್ಚಾಗಿರುತ್ತದೆ. ಡಬ್ಬಿಗೆ ನೀರು ಇಳಿದು ಕೊನೆಯ ಎರಡು ರೀಲುಗಳ ಅಂಚು ತಿಂದುಹೋಗಿತ್ತು. ಚಿತ್ರ ಉಳಿದಿದೆ, ಮಾತು ಇಲ್ಲ. ಆ ಹೆಂಗಸಿನ ಪಾತ್ರ ಮಾಡಿದಾಕೆ ತೀರಿಹೋಗಿ ಬಹಳ ಕಾಲವಾಗಿತ್ತು. ಆದ್ದರಿಂದ ಆ ಎರಡು ರೀಲಿಗೆ ಬೇರೆ ಯಾರಾದರೂ ಮಾತು ಕೊಡಬೇಕಿತ್ತು.

ನಾಟಕದಲ್ಲಿ ಪಾರ್ಟು ಮಾಡುವ ಒಬ್ಬಾಕೆಯನ್ನು ಕರೆಸಿದರು. ಚೆನ್ನಾಗಿಯೇ ಮಾತಾಡಿದರಂತೆ, ಆದರೆ ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. "ಇವ್ಳು ಹಳ್ಳಿ ಮಾತನ್ನ ಇಸ್ತ್ರಿ ಮಾಡಿ ಆಡ್ತಾಳೆ" ಎಂದು ಗೊಣಗುತ್ತಾ ಅಡುಗೆಮನೆಗೆ ಬಂದರು. ನಾನು ಅವರೆಕಾಳು ಹಿಸುಕುತ್ತಿದ್ದೆ.

"ನಿಮ್ಮೂರ್ ಯಾವುದಮ್ಮ?" ಎಂದರು.

"ಹೊಳೆ ಊರಿಂದ ಆಚೆಗೆ, ಅಮ್ಮ."

"ಯಾವ್ ಹೊಳೆ ಊರು?"

"ಕಪಿಲೆ ದಂಡೇಲೈತಲ್ಲ, ದೊಡ್ಡ ದೇವಸ್ಥಾನ."

"ನಂಜನಗೂಡು ಅನ್ನು ಮತ್ತೆ!" ಎಂದು ನಕ್ಕು, ನನ್ನನ್ನೇ ನೋಡಿದರು. "ನನ್ ಹೀರೋಯಿನ್ನೂ ಅದೇ ಕಡೆಯೋಳು ಕಣಮ್ಮ. ಸಂತೇಲಿ ಸೊಪ್ಪು ಮಾರ್ತಿದ್ಲು. ಬಾ ಕೆಳಗೆ, ಸ್ವಲ್ಪ ಮಾತಾಡು."

ನನಗೆ ಇಲ್ಲ ಎನ್ನಲು ನಾಚಿಕೆಯಾಯಿತು, ಹೂಂ ಎಂದೆ. ನನ್ನ ಬದುಕಿನಲ್ಲಿ ಎಷ್ಟೋ ಕೆಲಸಗಳಿಗೆ ನಾನು ಹೂಂ ಎಂದದ್ದು ಹೀಗೆಯೇ.

ಕೆಳಗಿನ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಜಮಖಾನ. ಮಧ್ಯದಲ್ಲಿ ಒಂದು ಮೈಕು, ಎದುರಿಗೆ ಟೀವಿಯಂಥ ಪರದೆ, ಪಕ್ಕದಲ್ಲಿ ದೊಡ್ಡ ಗಾಜು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುವ ಸಾರು ಕುಳಿತುಕೊಳ್ಳುತ್ತಿದ್ದರು. ಅವರು ನಿಮ್ಮ ಅಮ್ಮನ ವಯಸ್ಸಿನವರು, ತಾಳ್ಮೆಯ ಮನುಷ್ಯ. ಅವರ ಪಕ್ಕದ ಕುರ್ಚಿ ಅಮ್ಮನದು. ಬಾಗಿಲು ಹಾಕಿದರೆ ನನ್ನ ಉಸಿರು ನನಗೇ ಕೇಳುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು. ಸಿನಿಮಾವನ್ನು ಒಂದೊಂದು ಮಾತಿನಷ್ಟು ಸಣ್ಣ ತುಂಡು ಮಾಡಿರುತ್ತಾರೆ. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಮೂರು ಸಲ 'ಬೀಪ್' ಎಂದು ಕೇಳುತ್ತದೆ. ನಾಲ್ಕನೆಯದು ಕೇಳುವುದಿಲ್ಲ. ಅದು ಬರಬೇಕಾದ ಜಾಗಕ್ಕೆ ಸರಿಯಾಗಿ ಪರದೆಯ ಹೆಂಗಸು ಬಾಯಿ ತೆರೆಯುತ್ತಾಳೆ, ನಾನೂ ತೆರೆಯಬೇಕು. ಅವಳು ತುಟಿ ಮುಚ್ಚಿದಾಗ ನನ್ನ ತುಟಿಯೂ ಮುಚ್ಚಿರಬೇಕು. ಒಂದು ಕಣ್ಣು ಅವಳ ಬಾಯಿಯ ಮೇಲೆ, ಇನ್ನೊಂದು ಮಾತು ಬರೆದ ಹಾಳೆಯ ಮೇಲೆ. ಹಾಳೆ ಅಲುಗಾಡಿದರೆ ಅದೂ ಮೈಕಿಗೆ ಕೇಳುತ್ತದೆ.

ಮೊದಲ ದಿನ ನನ್ನ ಗಂಜಿ ಹಾಕಿದ ಸೀರೆ ಪರಪರ ಎನ್ನುತ್ತಿದೆ ಎಂದು ಸಾರು ಕೆಲಸ ನಿಲ್ಲಿಸಿದರು. ಮಾರನೆಯ ದಿನ ಮನೆಯಲ್ಲಿ ಉಡುವ ಹಳೆಯ ಸೀರೆಯಲ್ಲಿ ಹೋದೆ. ಬಸ್ಸಿನಲ್ಲಿ ತಲೆ ತಗ್ಗಿಸಿಕೊಂಡೇ ಇದ್ದೆ. ಆಮೇಲೆ ಹೊಟ್ಟೆ ಗುರ್ ಎಂದದ್ದು ಕೇಳಿತು. "ಅಮ್ಮ, ಎಲ್ಲರಿಗೂ ಬಡಿಸ್ತೀರಿ, ನೀವು ತಿಂದಿರಾ?" ಎಂದು ಸಾರು ಗಾಜಿನಾಚೆಯಿಂದ ಕೇಳಿದರು. ಅಷ್ಟು ಜನರ ಮುಂದೆ ನನ್ನ ಹೊಟ್ಟೆಯ ಸುದ್ದಿ! ಆ ಕಡೆ ಇದ್ದವರು ಇಬ್ಬರೇ. ಆದರೆ ನನಗೆ ಊರೇ ನೆರೆದಂತೆ ಕಂಡಿತು.

ಹೀಗಿದ್ದರೂ ಕೆಲಸ ಕೈಗೆ ಹತ್ತಿತು. ಅತ್ತೆಯ ಜೊತೆ ಜಗಳ, ಕೂಸಿಗೆ ಗದರುವುದು, ಬಾವಿಯ ಹತ್ತಿರ ನೆರೆಯವಳಿಗೆ ಹೇಳುವ ಮಾತು, ಇವೆಲ್ಲ ನನಗೆ ಹೊಸದಲ್ಲ. "ಇಲ್ಲ ಕಣತ್ತೆ, ನಾನೇನ್ ಮಾಡ್ಬುಟ್ಟೆ ಅಂತ ಹಿಂಗಂತೀರಿ" ಎನ್ನುವ ಮಾತನ್ನು ಮೊದಲ ಸಲಕ್ಕೇ ಒಪ್ಪಿದರು. "ಅಭ್ಯಾಸ ಐತೆ ಅನ್ಸುತ್ತೆ" ಎಂದು ಅಮ್ಮ ಚೇಷ್ಟೆ ಮಾಡಿದರು. ಒಂದು ರೀಲು ಮುಗಿಯಿತು.

ಕೊನೆಯ ರೀಲಿನ ಕೊನೆಯ ಸೀನು ನಿಮಗೆ ನೆನಪಿರಬೇಕು. ಆ ಹೆಂಗಸು ಬೀದಿಯಲ್ಲಿ ನಡೆದು ಬಂದು, ಗಂಡ ಸೇರಿಕೊಂಡಿರುವ ಮನೆಯ ಮುಂದೆ ನಿಲ್ಲುತ್ತಾಳೆ. ಅವನ ಹೆಸರು ಹಿಡಿದು ಕೂಗುತ್ತಾಳೆ. ಅವನು ಹೊರಗೆ ಬರುತ್ತಾನೆ. "ಮನೆ ಬೀಗ ಬದ್ಲಾಯ್ಸಿವ್ನಿ. ಇನ್ಮೇಲೆ ಬರ್ಬೇಡ" ಎಂದು ಹೇಳಿ ತಿರುಗಿ ನಡೆಯುತ್ತಾಳೆ. ಅಷ್ಟೇ. ಅಲ್ಲಿಯವರೆಗೆ ಇಡೀ ಸಿನಿಮಾದಲ್ಲಿ ಯಾರೂ ಅವನ ಹೆಸರು ಹೇಳುವುದಿಲ್ಲ. ಎಲ್ಲರೂ ಗೌಡ, ಗೌಡ ಎನ್ನುತ್ತಾರೆ.

ಆ ಹೆಸರು ನಿಮ್ಮ ತಾತನ ಹೆಸರೇ ಆಗಿತ್ತು. ಇದರಲ್ಲಿ ವಿಶೇಷವೇನಿಲ್ಲ. ಆ ದೊಡ್ಡ ದೇವಸ್ಥಾನದ ದೇವರ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ ಇರುತ್ತದೆ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯ ದಿನ ನನ್ನ ಅವ್ವ ಹೇಳಿದ್ದಳು. ಹೆಸರಷ್ಟೇ ಅಲ್ಲ, ಅದರ ಗಾಳಿ ಇರುವ ಮಾತನ್ನೂ ನಾನು ಆಡುತ್ತಿರಲಿಲ್ಲ. ಊರನ್ನು ಹೊಳೆ ಊರು ಎನ್ನುತ್ತಿದ್ದೆ. ಗಾಯ ನಂಜಾದರೆ ಕೀವಾಗಿದೆ ಎನ್ನುತ್ತಿದ್ದೆ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಕಾರ್ಡಿನ ಮೇಲೆ ಬೆರಳಿಡುತ್ತಿದ್ದೆ. ತಾತ ಹೋದ ಮೇಲೂ ಇದು ಬದಲಾಗಲಿಲ್ಲ. ಬದಲಾಯಿಸಬಹುದು ಎಂದು ನನಗೆ ಹೊಳೆಯಲೂ ಇಲ್ಲ.

ಆ ಬೆಳಗ್ಗೆ ಸಾರು ಚಿತ್ರವನ್ನು ಎರಡು ಸಲ ಸುಮ್ಮನೆ ಓಡಿಸಿ ತೋರಿಸಿದರು. "ಜೋರಾಗಿ ಕೂಗ್ಬೇಕಮ್ಮ, 'ನಂಜುಂಡಾ, ಆಚ್ಗೆ ಬಾ' ಅಂತ. ರೆಡೀನಾ?" ಎಂದರು. ತಲೆ ಆಡಿಸಿದೆ. ಮೂರು ಬೀಪ್ ಕೇಳಿತು. ಅವಳು ಬಾಯಿ ತೆರೆದಳು. ನಾನೂ ತೆರೆದೆ.

ಗಾಜಿನ ಆಚೆ ಸಾರು ನಗುತ್ತಿರುವುದು ಕಾಣಿಸಿತು. ಯಾಕೆಂದು ತಿಳಿಯಲಿಲ್ಲ. ಹಿಡಿದದ್ದನ್ನು ನನಗೇ ಕೇಳಿಸಿದರು. ನಾನು ಗಟ್ಟಿಯಾಗಿ, ಸರಿಯಾದ ಹೊತ್ತಿಗೆ, ಬಹಳ ಮರ್ಯಾದೆಯಿಂದ "ಏನಂದ್ರೇ, ಆಚ್ಗೆ ಬನ್ನಿ" ಎಂದಿದ್ದೆ.

"ಇವ್ಳು ಅವನಿಗೆ ಬೀಗ ಬದ್ಲಾಯ್ಸಿದೀನಿ ಅಂತ ಹೇಳೋಕ್ ಹೋಗಿದ್ದಾಳಮ್ಮ, ಕಾಫಿ ಕೊಡೋಕಲ್ಲ" ಎಂದು ಸಾರು ಹೇಳಿದಾಗ ನಾನೂ ನಕ್ಕಂತೆ ಮಾಡಿದೆ. ಹಾಗೆ ಅಂದದ್ದು ನನಗೆ ಗೊತ್ತೇ ಇರಲಿಲ್ಲ. ಬಾಯಿ ತನ್ನಷ್ಟಕ್ಕೆ ಆಡಿತ್ತು.

ಎರಡನೆಯ ಸಲ ಎಚ್ಚರದಿಂದ ನಿಂತೆ. ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಮೂರನೆಯ ಸಲವೂ ಬರಲಿಲ್ಲ. "ಏನಾಯ್ತಮ್ಮ?" ಎಂದು ಸಾರು ಕೇಳಿದರು. ನಿಜ ಹೇಳಲು ನಾಚಿಕೆಯಾಯಿತು. ಇಷ್ಟು ಯಂತ್ರಗಳ ನಡುವೆ ನಿಂತು, ಗಂಡನ ಹೆಸರು ಹೇಳಲಾರೆ ಎಂದರೆ ಏನೆಂದುಕೊಂಡಾರು? "ಗಂಟ್ಲು ನೋವು ಸಾ" ಎಂದುಬಿಟ್ಟೆ.

ಆ ಸುಳ್ಳಿಗೆ ಕೂಡಲೇ ಶಿಕ್ಷೆಯಾಯಿತು. ಅಮ್ಮ ಊರುಗೋಲು ಊರಿಕೊಂಡು ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಓಡಿದರೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ತಾವೇ ಮೆಣಸು, ಶುಂಠಿ ಜಜ್ಜಿ ಕಷಾಯ ಕಾಯಿಸಿ ಕೊಟ್ಟರು. "ಕುಡಿ. ದಿನಾ ನೀನು ನಮ್ಗೆ ಮಾಡ್ಕೊಡಲ್ವಾ" ಎಂದರು. ಏನೂ ಆಗಿರದ ಗಂಟಲಿನಲ್ಲಿ ಆ ಕಷಾಯ ಉರಿಯುತ್ತಾ ಇಳಿಯಿತು. ನಾನು ಅವರ ಮುಖ ನೋಡಲಿಲ್ಲ.

ಮಾರನೆಯ ದಿನವೂ ಗಂಟಲು ನೋವೇ ಮುಂದುವರಿಯಿತು. ಸಾರು ಚೀಪುವ ಗುಳಿಗೆ ತಂದುಕೊಟ್ಟರು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಸಿನಿಮಾ ತೋರಿಸುವ ದಿನ ಹತ್ತಿರವಾಗುತ್ತಿತ್ತು. ಆ ವಾರ ಕಳೆದರೆ ಕೋಣೆಯನ್ನು ಬೇರೆಯವರ ಕೆಲಸಕ್ಕೆ ಕೊಟ್ಟಾಗಿತ್ತು. ಉಳಿದ ಮಾತೆಲ್ಲ ಮುಗಿದು ಅದೊಂದೇ ಬಾಕಿ ಇತ್ತು. ಅದಿಲ್ಲದೆ ಸಿನಿಮಾಕ್ಕೆ ಕೊನೆಯೇ ಇರಲಿಲ್ಲ.

ಮನೆಯಲ್ಲಿ ನಿಮ್ಮ ಅಮ್ಮನಿಗೆ ಮಾತ್ರ ನಿಜ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಅವ್ವ, ಅಷ್ಟೇನಾ? ನಂಜುಂಡ, ನಂಜುಂಡ, ನಂಜುಂಡ! ನೋಡು, ನನ್ ಹಲ್ಲೇನಾದ್ರೂ ಉದುರ್ತಾ?"

"ನಿಂಗೆ ಅಪ್ಪ ಕಣೇ. ನಂಗೆ?"

"ಅಪ್ಪಂಗೆ ಕೇಳ್ಸಿದ್ರೆ ಖುಷಿ ಪಡ್ತಿತ್ತು ಬುಡು. ಪಾಪ, ಜೀವಮಾನೆಲ್ಲ 'ಕೇಳುಸ್ತಾ' ಅನ್ನಿಸ್ಕೊಂಡೇ ಹೋಯ್ತು."

ಅವಳು ತಮಾಷೆಗೆ ಹೇಳಿದ್ದು. ನನಗೆ ಅನ್ನ ಇಳಿಯಲಿಲ್ಲ. ಮರುದಿನ ಬೆಳಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿ, ನಲ್ಲಿಯನ್ನು ಜೋರಾಗಿ ಬಿಟ್ಟು ಪ್ರಯತ್ನಿಸಿದೆ. ಮೊದಲ ಅಕ್ಷರದವರೆಗೆ ಬಂತು. ಬಕೆಟ್ ತುಂಬಿ ಚೆಲ್ಲುತ್ತಿದ್ದರೂ ಎರಡನೆಯದು ಬರಲಿಲ್ಲ. "ಅವ್ವ, ನೀರು ಖಾಲಿ ಮಾಡ್ಬುಡ್ತೀಯಾ, ಹಾಡ್ಕೊಂಡು ಕೂತಿದ್ದೀಯಾ?" ಎಂದು ನಿಮ್ಮ ಅಮ್ಮ ಹೊರಗಿನಿಂದ ಬಾಗಿಲು ತಟ್ಟಿದಳು.

ಅಂದು ಸ್ಟುಡಿಯೋಗೆ ಹೋದಾಗ ಆ ನಾಟಕದಾಕೆ ಮತ್ತೆ ಬಂದಿದ್ದರು. ನನ್ನ ಗಂಟಲಿಗಾಗಿ ಕಾಯಲಾಗದೆ ಆ ಒಂದು ಕೂಗನ್ನು ಅವರಿಂದ ಹೇಳಿಸಿ ಜೋಡಿಸಿದ್ದರು. ನನ್ನನ್ನೂ ಕೂರಿಸಿ ಕೇಳಿಸಿದರು. ಕೂಗು ಒಬ್ಬರದು, ಮುಂದಿನ ಮಾತು ಇನ್ನೊಬ್ಬರದು. ಹತ್ತಿ ಸೀರೆಗೆ ರೇಷ್ಮೆ ತೇಪೆ ಹಾಕಿದಂತೆ ಎದ್ದು ಕಾಣುತ್ತಿತ್ತು. ನಾಟಕದಾಕೆಗೇ ಮುಜುಗರವಾಗಿ "ನಂಗೇನ್ ಬೇಜಾರಿಲ್ಲ, ತೆಗೆದ್ಬಿಡಿ" ಎಂದು ಹೇಳಿ ಎದ್ದು ಹೋದರು. ಆಕೆಯ ಒಂದು ದಿನ ನನ್ನಿಂದ ಹಾಳಾಗಿತ್ತು.

ಅಮ್ಮ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ಕಿವಿಯ ಯಂತ್ರ ಕುಂಯ್ ಎನ್ನುತ್ತಿತ್ತು. ಸರಿಮಾಡಿಕೊಳ್ಳುವುದನ್ನೂ ಮರೆತಿದ್ದರು. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಅವರು ಮೇಲೆ ಬಂದಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೇಳಿದೆ.

"ಅಮ್ಮ, ನನ್ ಗಂಟ್ಲು ಚೆನ್ನಾಗೈತೆ. ಮೊದ್ಲಿಂದ್ಲೂ ಚೆನ್ನಾಗೇ ಐತೆ. ಆ ಹೆಸರು ನಮ್ಮೋರ್ದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅದಕ್ಕೇ ಹೊಳೆ ಊರು!" ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕುಳಿತು ಕೇಳಿದರು, "ಆಯಸ್ಸು ಕಮ್ಮಿ ಆಗುತ್ತೆ ಅಂತಲ್ವಾ ಹೇಳ್ಬಾರ್ದು ಅನ್ನೋದು? ಈಗ ಯಾರ ಆಯಸ್ಸಮ್ಮ?"

ನಾನು ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

"ಹೋಗ್ಲಿ ಬುಡು" ಎಂದರು. "ನೀನು ಮೊದಲ ಸಲ ಅಂದ್ಯಲ್ಲ, ಏನಂದ್ರೇ ಅಂತ, ಅದನ್ನೇ ಇಡಣ. ಬರೆದೋಳು ನಾನು, ಬದ್ಲಾಯ್ಸೋಳೂ ನಾನೇ. ಆ ಹೆಸರು ನಾನ್ ಬರೆದಿದ್ದೂ ಅಲ್ಲ."

"ಮತ್ತೆ ಯಾರು ಬರೆದಿದ್ದಮ್ಮ?"

ಆಗ ಅವರು ಅದನ್ನು ಹೇಳಿದರು. ಕಥೆಯಲ್ಲಿ ಅವರು ಬರೆದಿದ್ದ ಹೆಸರು ಬೇರೆಯಂತೆ. ಆ ಸೊಪ್ಪು ಮಾರುವಾಕೆಯ ಗಂಡ ದಿನವೂ ಶೂಟಿಂಗಿಗೆ ಜೊತೆಯಲ್ಲಿ ಬಂದು, ಹುಣಿಸೆಮರದ ಕೆಳಗೆ ಕುಳಿತು ಕಾಯುತ್ತಿದ್ದನಂತೆ. ಹೆಂಡತಿ ಯಾರ ಜೊತೆ ನಗುತ್ತಾಳೆ, ಎಷ್ಟು ಹೊತ್ತು ನಿಲ್ಲುತ್ತಾಳೆ ಎಂದು ನೋಡುತ್ತಲೇ ಇರುತ್ತಿದ್ದನಂತೆ. ಕೊನೆಯ ಸೀನಿನ ದಿನ ಕ್ಯಾಮೆರಾ ಓಡತೊಡಗಿತು. ಅವಳು ಬೀದಿಯಲ್ಲಿ ನಡೆದು ಬಂದು ನಿಂತಳು. ಹೇಳಿಕೊಟ್ಟ ಹೆಸರು ಬಿಟ್ಟು ತನ್ನ ಗಂಡನ ಹೆಸರು ಹಿಡಿದು ಕೂಗಿಬಿಟ್ಟಳು. ಮರದ ಕೆಳಗಿದ್ದವನು ಗಡಬಡಿಸಿ ಎದ್ದು ನಿಂತನಂತೆ.

"ನಾನು ಕಟ್ ಅನ್ನೋದನ್ನೇ ಮರೆತ್ಬುಟ್ಟೆ" ಎಂದರು ಅಮ್ಮ. "ಆಮೇಲೆ ಕೇಳಿದ್ರೆ, 'ಬಾಯಿಗೆ ಬಂದ್ಬುಡ್ತು ಕಣ್ರವ್ವ, ಒಂದ್ಸಲ ಅಂದು ನೋಡಣ ಅನ್ನಿಸ್ತು' ಅಂದ್ಲು. ಇನ್ನೊಂದ್ ಸಲ ತೆಗೆಯೋಣ ಅಂದ್ರು ಎಲ್ಲ. ನಾನು ತೆಗೀಲಿಲ್ಲ."

"ಅವ್ರ್ ಯಜಮಾನ್ರು ಹೊಡೀಲಿಲ್ವಾ?"

"ಏನೂ ಅನ್ಲಿಲ್ಲ. ಸಾಯಂಕಾಲ ಅವ್ಳ ಸೊಪ್ಪಿನ ಬುಟ್ಟೀನ ತಾನೇ ಹೊತ್ಕೊಂಡು ಮುಂದೆ ಹೋದ. ಹೆದ್ರಿಕೆಗೋ, ಪ್ರೀತಿಗೋ, ನಂಗೆ ಇವತ್ತಿಗೂ ಗೊತ್ತಿಲ್ಲ."

ಅಮ್ಮ ಊಟಕ್ಕೆ ಹೋದರು. ನಾನು ಅಡುಗೆಮನೆಯಲ್ಲೇ ನಿಂತೆ. ಅಲ್ಲಿಯವರೆಗೆ ನನ್ನ ನಾಚಿಕೆ ನನ್ನ ಬಾಯಿಗೆ ಸೇರಿದ್ದು ಮಾತ್ರವಾಗಿತ್ತು. ಈಗ ಅದು ಇನ್ನೊಬ್ಬಳಿಗೂ ಸೇರಿತು. ಆ ಹೆಂಗಸು ಊರವರ ಮುಂದೆ, ಕಾವಲು ಕುಳಿತ ಗಂಡನ ಮುಂದೆ, ಒಂದೇ ಸಲ ಆ ಹೆಸರು ಅಂದಿದ್ದಳು. ನೀರು ಬಿದ್ದು ಅದು ಅಳಿಸಿಹೋಗಿತ್ತು. ಪರದೆಯ ಮೇಲೆ ಅವಳ ಬಾಯಿ ಇನ್ನೂ ತೆರೆದೇ ಇದೆ. ಅದರ ಮೇಲೆ ನನ್ನ "ಏನಂದ್ರೇ" ಅಂಟಿಸಿದರೆ, ನೀರು ಅರ್ಧ ಮಾಡಿದ್ದ ಕೆಲಸವನ್ನು ನಾನು ಪೂರಾ ಮಾಡಿದಂತೆ. ಸಿನಿಮಾ ಉಳಿಯುತ್ತದೆ. ಅವಳ ಮಾತು ಉಳಿಯುವುದಿಲ್ಲ.

ಅನ್ನ ಬಡಿಸುವಾಗ ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಬದ್ಲಾಯ್ಸಬೇಡಿ. ಅವ್ರು ಅಂದಿದ್ದನ್ನೇ ಅಂತೀನಿ" ಎಂದೆ. ಅವರು ತಲೆಯೆತ್ತಲಿಲ್ಲ. "ಇನ್ನೊಂಚೂರು ಸಾರು ಹಾಕು" ಎಂದರು.

ಮಧ್ಯಾಹ್ನವೇ ಕೆಳಗಿಳಿದೆವು. ರೆಕಾರ್ಡಿಂಗ್ ಸಾರಿಗೆ ಅಮ್ಮ ವಿಷಯ ಹೇಳಿರಬೇಕು. "ಲೈಟ್ ಆರಿಸ್ಲಾ ಅಮ್ಮ? ನಾನು ಈ ಕಡೆ ತಿರುಗಿ ಕೂತ್ಕೋತೀನಿ" ಎಂದರು. ಬೇಡ ಎಂದೆ. ಕತ್ತಲಾದರೂ ಪರದೆಯಲ್ಲಿ ಅವಳ ಬಾಯಿ ಕಾಣುತ್ತದೆ. ಆದರೆ ಅವಳು ಬೆಳಕಿನಲ್ಲಿ ನಿಂತು ಅಂದ ಮಾತದು.

ಮೂರು ಬೀಪ್. ಬರೀ ಉಸಿರು ಬಂತು. ಮತ್ತೆ ಮೂರು ಬೀಪ್. ಕಣ್ಣು ಮುಚ್ಚಿದೆ. ಮುಚ್ಚಬಾರದಿತ್ತು. ಕಣ್ಣು ಮುಚ್ಚಿದ ಕೂಡಲೇ ಬೀದಿ ಹೋಗಿ ನಮ್ಮ ಗದ್ದೆಯ ಬದು ಬಂತು. ಊಟದ ಬುತ್ತಿ ಹಿಡಿದು ನಾನು ಬದುವಿನ ಮೇಲೆ ನಿಂತಿದ್ದೇನೆ. ನಿಮ್ಮ ತಾತ ಆ ತುದಿಯಲ್ಲಿ ಬಗ್ಗಿ ನೀರು ಕಟ್ಟುತ್ತಿದ್ದಾರೆ. ಹೆಸರು ಕರೆಯಲಾಗದೆ ನಾನು ಯಾವಾಗಲೂ ಬುತ್ತಿಯ ಮುಚ್ಚಳವನ್ನು ತಟ್ಟುತ್ತಿದ್ದೆ. ಗಾಳಿ ಬೀಸಿದರೆ ಅವರಿಗೆ ಕೇಳುತ್ತಿರಲಿಲ್ಲ, ಅವರಾಗಿ ತಿರುಗುವವರೆಗೆ ನಿಂತಿರುತ್ತಿದ್ದೆ. ಆ ಮಧ್ಯಾಹ್ನ ನಾನು ಕರೆದೆ. ಹೆಸರು ಪೂರ್ತಿ ಬಂತು. ಕರೆದು, ತಿರುಗುತ್ತಾರೇನೋ ಎಂದು ಕಾದೆ. "ಆಚ್ಗೆ ಬಾ" ಎನ್ನುವುದನ್ನು ಮರೆತೆ.

ಕಣ್ಣು ತೆರೆದರೆ ಗಾಜಿನಾಚೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಅಮ್ಮನ ಧ್ವನಿ ಕಿವಿಯಲ್ಲಿ ಕೇಳಿತು. "ಇದು ನೀನು ನಿಮ್ಮೋರನ್ನ ಕರೆದಿದ್ದು ಕಣಮ್ಮ. ನನ್ ಹೆಣ್ಣು ಅವನನ್ನ ಊಟಕ್ಕೆ ಕರೀತಾ ಇಲ್ಲ. ಅವಳ ಕುತ್ತಿಗೆ ನೋಡು."

ನನ್ನ ಕಿವಿ ಬಿಸಿಯಾಯಿತು. ಮೈಕಿನ ಮುಂದೆ ಬತ್ತಲೆ ನಿಂತಂತೆ ಅನ್ನಿಸಿತು. ಓಡಿಹೋಗಲು ಬಾಗಿಲು ದೂರವಿತ್ತು. ಅವರು ಹೇಳಿದಂತೆ ಅವಳ ಕುತ್ತಿಗೆ ನೋಡಿದೆ. ಕೂಗುವ ಮೊದಲು ಅಲ್ಲೊಂದು ನರ ಉಬ್ಬುತ್ತದೆ. ಅವಳು ಕಾಯುವುದಿಲ್ಲ. ಬಂದರೆ ಬಾ, ಬರದಿದ್ದರೂ ಹೇಳಿ ಹೋಗುತ್ತೇನೆ ಎಂದು ನಿಂತವಳು. ಆ ನರವನ್ನೇ ನೋಡುತ್ತಾ, ಕಣ್ಣು ಮುಚ್ಚದೆ ಕೂಗಿದೆ. ಮೊದಲು ಜೋರಾಯಿತು. ಆಮೇಲೆ ಅರ್ಧ ಉಸಿರು ತಡವಾಯಿತು. "ಸಿಕ್ತು, ಸಿಕ್ತು, ಇನ್ನೊಂದೇ ಸಲ" ಎಂದು ಸಾರು ಹೇಳುತ್ತಲೇ ಹೋದರು. ಒಂದು ಸಲ ಹೇಳಲಾಗದೆ ಎರಡು ದಿನ ಸುಳ್ಳು ಹೇಳಿದ್ದವಳು, ಅಂದು ಮಧ್ಯಾಹ್ನ ಲೆಕ್ಕವಿಲ್ಲದಷ್ಟು ಸಲ ಆ ಹೆಸರು ಕೂಗಿದೆ. ಕೊನೆಗೆ ಅವಳ ಬಾಯಿ, ನನ್ನ ಧ್ವನಿ ಒಂದಾಯಿತು. ಚಿತ್ರದಲ್ಲಿ ಬಾಗಿಲು ತೆರೆದು ಅವನು ಹೊರಗೆ ಬಂದ. ನನ್ನ ಕೂಗಿಗೇ ಬಂದನೇನೋ ಎಂದು ಒಂದು ಕ್ಷಣ ಹೆದರಿದೆ. ಅಮ್ಮ ಕಿವಿಯ ಯಂತ್ರ ತೆಗೆದು ಚೀಲದಲ್ಲಿಟ್ಟುಕೊಂಡು ಎದ್ದರು. ಅದೇ ಒಪ್ಪಿಗೆ.

ನಾನು ಹೊರಡುವಾಗ ಸಾರು ಕರೆದರು.

"ಅಮ್ಮ, ಆ ಇನ್ನೊಂದಿದೆಯಲ್ಲ, ನೀವು ಕಣ್ಮುಚ್ಚಿ ಕರೆದಿದ್ದು. ಸಿನಿಮಾಕ್ಕೆ ಬರಲ್ಲ. ಆದ್ರೆ ಚೆನ್ನಾಗಿತ್ತು. ಫೋನಿಗೆ ಹಾಕ್ಕೊಡ್ಲಾ? ಮನೇಲಿ ಮಕ್ಕಳು ಕೇಳ್ತಾರೆ."

ನೀವು ಕೇಳುವುದು, ನಿಮ್ಮ ಅಮ್ಮ ನಗುವುದು, ಪಕ್ಕದ ಮನೆಯವರು ಏನದು ಎಂದು ಬರುವುದು ಎಲ್ಲವೂ ಕಣ್ಣ ಮುಂದೆ ಬಂತು.

"ಅಯ್ಯೋ ಬ್ಯಾಡಿ ಸಾ. ಅಳಿಸ್ಬುಡಿ."

"ನಿಜವಾಗ್ಲೂನಾ? ಆಮೇಲೆ ಬೇಕು ಅಂದ್ರೆ ಸಿಗಲ್ಲ."

"ಯಾರಾದ್ರೂ ಕೇಳ್ಬುಟ್ಟಾರು. ಈಗ್ಲೇ ಅಳಿಸ್ಬುಡಿ, ನನ್ ಮುಂದೇನೇ."

ಅವರು ನನ್ನ ಮುಖ ನೋಡಿದರು. ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ಸಣ್ಣ ಬೆಟ್ಟಗಳ ಸಾಲಿನಂತೆ ಇದ್ದ ಗೆರೆ ಇಲ್ಲವಾಯಿತು. ಅಷ್ಟು ಬೇಗ ಅಳಿಸಿಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಸಿನಿಮಾ ತೋರಿಸಿದರು. ಅಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವರು ಮೈಕು ಹಿಡಿದು, ಆ ಸೊಪ್ಪಿನಾಕೆಯ ಹೆಸರು ಹೇಳಿ, "ಕೊನೆಯ ಮಾತು ಅವಳದೇ" ಎಂದರು. ನನ್ನ ವಿ‍ಷಯ ಹೇಳಬೇಡಿ ಎಂದು ಮೊದಲೇ ಕೈ ಮುಗಿದು ಕೇಳಿಕೊಂಡಿದ್ದೆ. ನೀವು ಮಾತ್ರ ಧ್ವನಿಯಿಂದಲೇ ಹಿಡಿದುಬಿಟ್ಟಿರಿ.

ನಿನಗೆ ಉತ್ತರ ಹೇಳುತ್ತೇನೆ, ಚಿಕ್ಕವಳೇ. ಸಿನಿಮಾದಲ್ಲಿ ಕೂಗಿದ್ದು ನಾನಲ್ಲ. ಅದು ಅವಳ ಕೂಗು, ನಾನು ಹೊತ್ತುಕೊಂಡು ಹೋಗಿ ಮುಟ್ಟಿಸಿದ್ದೇನೆ ಅಷ್ಟೇ. ಅದರಲ್ಲಿ ನನಗೆ ನಾಚಿಕೆಯಿಲ್ಲ. ಮುಖ ಮುಚ್ಚಿಕೊಂಡದ್ದು ಬೇರೆಯದಕ್ಕೆ. ಇನ್ನೊಬ್ಬಳ ಮಾತು ಅಳಿಸಬಾರದೆಂದು ಅಷ್ಟು ಹೋರಾಡಿದವಳು, ನನ್ನದನ್ನು ನಾನೇ ನಿಂತು ಅಳಿಸಿದೆ. ನಿಮ್ಮ ತಾತನನ್ನು ನಾನು ಕರೆದದ್ದು ಅದೊಂದೇ ಸಲ.

ಹೋದ ವಾರ ನಿಮ್ಮ ತಾತನ ಅಕ್ಕನನ್ನು ನೋಡಿಕೊಂಡು ಬರೋಣವೆಂದು ಒಬ್ಬಳೇ ಹೊರಟೆ. ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡು ಬೇಡ, ಆದರೆ ಚೀಟಿ ಕೊಡಲು ಊರಿನ ಹೆಸರು ಹೇಳಲೇಬೇಕು. ಕಂಡಕ್ಟರ್ ಹೊಸಬಳು, ಎಳೆಯ ಹುಡುಗಿ.

"ಎಲ್ಲಿಗಜ್ಜಿ?"

"ಹೊಳೆ ಊರಿಗವ್ವ."

"ಯಾವ್ ಹೊಳೆ? ಹಂಗೊಂದು ಸ್ಟಾಪೇ ಇಲ್ಲ. ಬೇಗ ಹೇಳಜ್ಜಿ, ಹಿಂದೆ ಜನ ಐತೆ."

ಪಕ್ಕದಲ್ಲಿದ್ದವರು ಯಾರಾದರೂ ಹೇಳಿಯಾರು ಎಂದು ನೋಡಿದೆ. ಎಲ್ಲರೂ ಫೋನಿನಲ್ಲಿದ್ದರು. ಹುಡುಗಿ ಯಂತ್ರದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಕಿಟಕಿಯ ಕಡೆ ತಿರುಗಿ, ಮೆಲ್ಲಗೆ, "ನಂಜನಗೂಡು" ಎಂದೆ.

ಅವಳು ಚೀಟಿ ಹರಿದು ಕೊಟ್ಟು ಮುಂದೆ ಹೋದಳು. ಅವಳಿಗೆ ಅದು ಬರೀ ಊರು. ನಾನು ಆ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡೆ. ದಾರಿಯುದ್ದಕ್ಕೂ ಎರಡು ಕಡೆ ಗದ್ದೆ ಇತ್ತು. ಯಾರು ಬಗ್ಗಿ ಕೆಲಸ ಮಾಡುತ್ತಿದ್ದರೂ, ತಿರುಗಿ ನೋಡುತ್ತಾರೇನೋ ಎಂದು ನೋಡುತ್ತಾ ಹೋದೆ.